ಡ್ರಾಯರ್‌ನಲ್ಲಿರೋ ಸಹಿಗಳು (ಭಾಗ 4)

ಕಳೆದ ಸೆಮಿಸ್ಟರ್ "ಡಿಜಿಟಲ್ ಸಹಿ ಎಂದರೇನು?" ಅಂತ ಪ್ರಶ್ನೆ ಬಂದಿತ್ತು, ನೆನಪಿದ್ಯಾ? ನಾನೂ ನಿಮ್ಮ ಹಾಗೇ ಬಾಯಿಪಾಠ ಮಾಡಿ ಬರೆದು ಬಂದೆ. ಖಾಸಗಿ ಕೀಲಿ, ಸಾರ್ವಜನಿಕ ಕೀಲಿ, ಮಧ್ಯೆ ಒಂದು ಬಾಣ. ಮಾರ್ಕ್ಸ್ ಬಂತು. ಅರ್ಥ ಮಾತ್ರ ಒಂದಕ್ಷರಾನೂ ಆಗಿರ್ಲಿಲ್ಲ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಕ್ರಿಪ್ಟೋಗ್ರಫಿ ಬರೀ ಓದಿದ್ರೆ ತಲೆಗೆ ಹೋಗಲ್ಲ. ಕೋಡ್ ಬರೀಬೇಕು, ಬರೆದದ್ದನ್ನ ನೀವೇ ಒಡೀಬೇಕು. "ನಾವು ಬಿಕಾಂನವ್ರು, ನಮಗ್ಯಾಕೆ" ಅನ್ನೋರಿಗೇ ಇದು ಜಾಸ್ತಿ ಬೇಕು.

ನಾನು ಶುರು ಮಾಡಿದ್ದು ಸೀಸರ್ ಸೈಫರ್‌ನಿಂದ. ಪ್ರತಿ ಅಕ್ಷರಾನ ಮೂರು ಮನೆ ಮುಂದಕ್ಕೆ ತಳ್ಳೋದು, ಅಷ್ಟೇ. ಎಲ್ರೂ ಇಂಗ್ಲಿಷಲ್ಲಿ ಮಾಡ್ತಾರೆ, ನಾನು ಕನ್ನಡದಲ್ಲಿ ನೋಡೋಣ ಅಂತ ಪೈಥಾನ್‌ಗೆ "ಅಮ್ಮ" ಅಂತ ಕೊಟ್ಟೆ. ಅ ಹೋಗಿ ಈ ಆಯ್ತು. ಮ ಹೋಗಿ ಹಳಗನ್ನಡದ ಱ ಬಂತು! ಮಧ್ಯದಲ್ಲೊಂದು ಖಾಲಿ ಡಬ್ಬಿ. ಅರ್ಧ ಗಂಟೆ ತಲೆ ಕೆರ್ಕೊಂಡ ಮೇಲೆ ಹೊಳೀತು: ಕಂಪ್ಯೂಟರ್‌ಗೆ "ಮ್ಮ" ಒಂದಕ್ಷರ ಅಲ್ಲ. ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ, ಹೀಗೆ ಮೂರು ಸಂಖ್ಯೆ. ಆ ಚಿಹ್ನೆಯಿಂದ ಮೂರು ಮನೆ ಮುಂದೆ ಯೂನಿಕೋಡ್‌ನಲ್ಲಿ ಯಾರೂ ವಾಸ ಇಲ್ಲ. ಕನ್ನಡಕ್ಕೆ ಇರೋದೇ 128 ಮನೆ, ಹಾಗಾಗಿ ಕೀಲಿ ಗೊತ್ತಿಲ್ದಿದ್ರೂ 127 ಸಲ ತಳ್ಳಿ ನೋಡಿದ್ರೆ ಗುಟ್ಟು ರಟ್ಟು. ಒಂದು ಫಾರ್ ಲೂಪ್ ಸಾಕು.

ಆಮೇಲೆ ಆರ್‌ಎಸ್‌ಎ. ಪಾಠಕ್ಕೆ ಅಂತ ಎಲ್ರೂ ಬಳಸೋ ಪುಟ್ಟ ಸಂಖ್ಯೆಗಳನ್ನೇ ತಗೊಂಡೆ. 61 ಗುಣಿಸು 53, ಬಂದದ್ದು 3233. ಸಾರ್ವಜನಿಕ ಕೀಲಿ 17, ಖಾಸಗಿ ಕೀಲಿ 2753. ಒಂದು ಬಿಲ್ಲಿನ ಮೊತ್ತ 2790 ಅಂದ್ಕೊಳ್ಳಿ. ಅದನ್ನ 2753ನೇ ಘಾತಕ್ಕೆ ಏರಿಸಿ 3233ರಿಂದ ಭಾಗಿಸಿದ್ರೆ ಶೇಷ 65. ಅದೇ ಸಹಿ. ಈಗ ಯಾರು ಬೇಕಾದ್ರೂ 65ನ್ನ 17ನೇ ಘಾತಕ್ಕೆ ಏರಿಸಿ ಅದೇ ಥರ ಭಾಗಿಸ್ಲಿ, ಶೇಷ ಮತ್ತೆ 2790. ನಾನು ಬಿಲ್ಲಲ್ಲಿ 2990 ಅಂತ ತಿದ್ದಿದೆ. ಸಹಿ ಹೊಂದಲಿಲ್ಲ. ಕುರ್ಚಿಯಿಂದ ಎದ್ದೇಬಿಟ್ಟೆ, ಸುಳ್ಳಲ್ಲ.

(3233ನ್ನ ಒಡೆಯೋಕೂ ಒಂದು ಲೂಪ್ ಸಾಕು. ನಿಜವಾದ ಕೀಲಿ 2048 ಬಿಟ್‌ದು, 600ಕ್ಕೂ ಹೆಚ್ಚು ಅಂಕಿಯ ಸಂಖ್ಯೆ. ಅಲ್ಲಿ ಸಹಿ ಬೀಳೋದೂ ದಾಖಲೆಯ ಹ್ಯಾಶ್ ಮೇಲೆ. ನಾವು ಬರೆದದ್ದು ಕಲಿಯೋಕೆ ಮಾತ್ರ, ಅದ್ರಲ್ಲಿ ನಿಜವಾದ ಗುಟ್ಟು ಇಡ್ಬೇಡಿ.)

ಈಗ ಡ್ರಾಯರ್ ವಿಷ್ಯ. ನಾನು ಸಂಜೆ ಹೊತ್ತು ಒಂದು ಆಡಿಟ್ ಆಫೀಸಿಗೆ ಹೋಗ್ತೀನಿ ಅಂತ ಗೊತ್ತಲ್ಲ. ಕಂಪನಿಗಳ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ಗೆ, ಆರ್‌ಒಸಿ ಫಾರಂಗಳಿಗೆ ಡೈರೆಕ್ಟರ್ ಡಿಜಿಟಲ್ ಸಹಿ ಬೇಕು. ಪೆನ್ ಡ್ರೈವ್ ಥರ ಇರೋ ಟೋಕನ್, ಖಾಸಗಿ ಕೀಲಿ ಅದ್ರೊಳಗಿರುತ್ತೆ. ಅಂಥವು ನಮ್ಮ ಆಫೀಸಿನ ಡ್ರಾಯರ್‌ನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿವೆ. ಪ್ರತಿಯೊಂದರ ಮೇಲೂ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಪಿನ್. ಮುಖಾನೇ ನೋಡಿರದ ಎಷ್ಟೋ ಜನರ ಸಹಿ ನಾನೇ ಹಾಕಿದೀನಿ. ಟೋಕನ್ ಚುಚ್ಚು, ಪಿನ್ ಒತ್ತು, ಚಹಾ ಕುಡಿ.

ಪರೀಕ್ಷೆಯಲ್ಲಿ "ಖಾಸಗಿ ಕೀಲಿಯನ್ನು ಗೌಪ್ಯವಾಗಿಡಬೇಕು" ಅಂತ ಬರೆದ ಕೈಯೇ ಇದು. ಐಟಿ ಕಾಯ್ದೆ 2000ರ 42ನೇ ಸೆಕ್ಷನ್ ಕೂಡ ಆ ಕೀಲಿ ತನ್ನ ಹಿಡಿತದಲ್ಲೇ ಇರೋ ಹಾಗೆ ನೋಡ್ಕೊಳ್ಳೋದು ಸಹಿಯ ಒಡೆಯನ ಹೊಣೆ ಅನ್ನುತ್ತೆ. ಅದನ್ನೂ ಓದಿದ್ದೆ. ಏನೂ ಅನ್ನಿಸಿರ್ಲಿಲ್ಲ. 2753 ಅನ್ನೋ ಸಂಖ್ಯೆ ನನ್ನ ಸ್ಕ್ರೀನ್ ಮೇಲೆ ಕೂತಾಗ ಮಾತ್ರ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಆ ಸಂಖ್ಯೆ ಯಾರ ಕೈಲಿದ್ರೆ ಅವ್ರೇ ಆ ಮನುಷ್ಯ. ಗಣಿತಕ್ಕೆ ಮುಖ ಗೊತ್ತಿಲ್ಲ. ನಾಳೆ ಯಾವ್ದೋ ತಪ್ಪು ಕಾಗದಕ್ಕೆ ಸಹಿ ಬಿದ್ರೆ, "ನಾನು ಹಾಕಿಲ್ಲ" ಅಂತ ಆ ಡೈರೆಕ್ಟರ್ ಹೇಗೆ ತೋರಿಸ್ತಾರೆ?

ಸರ್‌ಗೆ ಹೇಳ್ದೆ. "ಎಲ್ಲಾ ಕಡೆ ಹೀಗೇ ಕಣಮ್ಮ. ಡ್ಯೂ ಡೇಟ್ ದಿನ ಪಾರ್ಟಿನ ಎಲ್ಲಿ ಅಂತ ಹುಡುಕ್ತೀಯ?" ಅಂದ್ರು. ಅವ್ರ ಕಷ್ಟ ನನಗೂ ಗೊತ್ತು, ರಾತ್ರಿ ಹತ್ತರವರೆಗೆ ಕೂತಿದೀನಿ ಅವ್ರ ಜೊತೆ. ಆದ್ರೂ ಸ್ಟಿಕ್ಕರ್ ಕಿತ್ತು, ಪಾರ್ಟಿಗಳಿಗೆ ಫೋನ್ ಮಾಡಿ ಪಿನ್ ಬದಲಾಯಿಸ್ಕೊಳ್ಳಿ ಅಂತ ಹೇಳ್ಲಾ ಅಂತ ಕೇಳಿದೆ. "ಈ ತಿಂಗಳು ಮುಗೀಲಿ" ಅಂದಿದಾರೆ.

ಮುಂದಿನ ಭಾಗಕ್ಕೆ ಮುಂಚೆ ನಿಮ್ಮ ಲೂಪ್‌ಗೆ ಒಂದು ಪದ ಕೊಡ್ತೀನಿ: ಶಷಽ. ಎಷ್ಟು ಮನೆ, ಯಾವ ಕಡೆಗೆ ತಳ್ಳಿದೀನಿ ಅಂತ ಹೇಳಲ್ಲ.