ನಾಯಿಮರಿಯೂ ಕೊಟ್ಟ ಮಾತೂ

“ಒಂದು ನಾಯಿಗಾಗಿ ಎಂಥ ಕರಾರು, ರೀ?” ಹೋದ ತಿಂಗಳು ಸೇಡಂನ ಒಂದು ಚಹದಂಗಡಿಯಲ್ಲಿ ಸಭ್ಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಕೇಳಿದವರು ಓದಿದವರು, ಮನೆಯ ಗೋಡೆಯ ಮೇಲೆ ಬಸವಣ್ಣನವರ ಪಟವಿಟ್ಟುಕೊಂಡವರು, ಸುಳ್ಳಾಡಬಾರದೆಂದು ಮಕ್ಕಳಿಗೆ ಕಲಿಸುವವರು. ಅವರ ಮಾತಿಗೆ ಅಲ್ಲಿದ್ದ ನಾಲ್ಕಾರು ಜನ ನಕ್ಕರು. ನಾನು ನಗಲಿಲ್ಲ, ನಿಜ; ಆದರೆ ಉತ್ತರವನ್ನೂ ಕೊಡಲಿಲ್ಲ. ಆಡಬೇಕಾದ ಹೊತ್ತಿನಲ್ಲಿ ಸುಮ್ಮನೆ ಕುಳಿತದ್ದು ಅಂದಿನಿಂದ ಮನಸ್ಸನ್ನು ಕೊರೆಯುತ್ತಿದೆ. ಆದಕಾರಣ ಈ ಲೇಖನ.

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಮೇಲು. ಮೂರು ವರ್ಷದ ಕೆಳಗೆ ವಾಡಿಯ ನನ್ನ ಪರಿಚಯದವರೊಬ್ಬರಿಗೆ ಮುಧೋಳದ ನಾಯಿ ಬೇಕೆನಿಸಿತು. ಮುಧೋಳ ಸೀಮೆಯ ಹಳ್ಳಿಯೊಂದರಲ್ಲಿ ತಲೆತಲಾಂತರದಿಂದ ಈ ನಾಯಿಗಳನ್ನು ಸಾಕಿಕೊಂಡು ಬಂದ ರೈತರೊಬ್ಬರು ನನಗೆ ಬಲ್ಲವರು. ಇಬ್ಬರೂ ಹೋದೆವು. ಆ ರೈತರು ಬೆಲೆ ಹೇಳುವ ಮೊದಲೇ, “ಮಾಸ್ತರ್ರ, ರೊಕ್ಕದ ಮಾತು ಆಮ್ಯಾಲ. ನಾನು ನಾಕು ಮಾತು ಹೇಳ್ತೀನಿ. ಅವಕ್ಕ ಹೂಂ ಅಂದ್ರ ಮರಿ ಕೊಡ್ತೀನಿ, ಇಲ್ಲಂದ್ರ ಚಾ ಕುಡದು ಹೋಗ್ರಿ” ಎಂದರು.

ಅವರ ನಾಲ್ಕು ಮಾತುಗಳು ಇವು. ಹೆಣ್ಣು ಮರಿ, ಎರಡು ವರ್ಷ ತುಂಬುವ ತನಕ ಅದನ್ನು ಗಂಡಿಗೆ ಬಿಡಬಾರದು. ಬಿಡುವಾಗಲೂ ಒಡಹುಟ್ಟಿದ ಗಂಡಿಗಾಗಲಿ ಬೇರೆ ತಳಿಯ ಗಂಡಿಗಾಗಲಿ ಬಿಡದೆ, ತಮ್ಮನ್ನು ಕೇಳಿ ಬಿಡಬೇಕು. ಮೊಲದ ಬೇಟೆಗೆ ಒಯ್ಯಬಾರದು. ಸಾಕುವುದು ಆಗದೆ ಹೋದರೆ ಮಾರಬಾರದು, ಬೀದಿಗೆ ಬಿಡಬಾರದು. ತಿಳಿಸಿದರೆ ಸಾಕು, ತಾವೇ ಬಂದು ಒಯ್ಯುತ್ತಾರೆ. ನನ್ನ ಪರಿಚಯದವರು ನಾಲ್ಕಕ್ಕೂ ಹೂಂ ಎಂದರು. ರೈತರು ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. “ನಾನಿದ್ದೇನೆ” ಎಂದೆ ನಾನು. ಮರಿ ವಾಡಿಗೆ ಬಂತು.

ಆಮೇಲೆ ನಡೆದದ್ದು ಇಷ್ಟು. ಹತ್ತು ತಿಂಗಳಿಗೆ ನಾಯಿ ಬೆದೆಗೆ ಬಂತು. ನೆರೆಯವರ ಆಲ್ಸೇಷನ್ ಗಂಡಿಗೆ ಬಿಟ್ಟರು. ಹುಟ್ಟಿದ ಮರಿಗಳನ್ನು ಐದು ವಾರಕ್ಕೇ ತಾಯಿಯ ಮೊಲೆಯಿಂದ ಬಿಡಿಸಿ ಶಹಾಬಾದ, ಚಿತ್ತಾಪುರ, ಚಿಂಚೋಳಿಗಳಲ್ಲಿ “ಮಿಲಿಟರಿ ನಾಯಿ” ಎಂದು ಹೇಳಿ ಮಾರಿದರು. ಮುಂದಿನ ಬೆದೆಗೆ ಮತ್ತೊಂದು ಸೂಲು. ಎರಡು ವರ್ಷ ತುಂಬುವುದರೊಳಗೆ ಎಲುಬಿನ ಗೂಡಾದ ಆ ನಾಯಿಯನ್ನು ಒಂದು ರಾತ್ರಿ ಶಹಾಬಾದಿನ ಕಡೆಯ ಹಾಳುಬಿದ್ದ ಕಲ್ಲಿನ ಖಣಿಯೊಂದರ ಬಳಿ ಬಿಟ್ಟು ಬಂದರು. ಖಣಿಯಲ್ಲಿ ಫರಸಿ ಒಡೆಯುವ ಕೂಲಿಯವರು ತಮ್ಮ ರೊಟ್ಟಿಯ ಚೂರು ಹಾಕಿ ಅದನ್ನು ಬದುಕಿಸಿದರು. ಸುದ್ದಿ ನನಗೆ ಮುಟ್ಟಿದ್ದು ಎರಡು ತಿಂಗಳ ಮೇಲೆ. ಈ ನಡುವೆ ನಾನು ಒಂದು ಸಲವಾದರೂ ವಾಡಿಗೆ ಹೋಗಿ ನಾಯಿ ಹೇಗಿದೆ ಎಂದು ನೋಡಿದೆನೆ? ಇಲ್ಲ. ಜಾಮೀನು ನಿಂತವನು ನಿಂತ ಮರುಗಳಿಗೆಯೇ ಜಾಮೀನನ್ನು ಮರೆತಿದ್ದ. ಇದು ನನ್ನ ಪಾಲಿನ ಪಾಪ.

ಈಗ ಆ ಸಭ್ಯರ ಪ್ರಶ್ನೆಗೆ ಬರುತ್ತೇನೆ. ಅವರ ವಾದ ಮೂರು ಕವಲಾಗಿ ಒಡೆಯುತ್ತದೆ.

ಒಂದು: ರೊಕ್ಕ ಕೊಟ್ಟ ಮೇಲೆ ನಾಯಿ ನಮ್ಮದು; ನಮ್ಮ ವಸ್ತುವನ್ನು ನಾವು ಏನಾದರೂ ಮಾಡುತ್ತೇವೆ. 1930ರ ಸರಕು ಮಾರಾಟದ ಕಾಯಿದೆಯ ಕಣ್ಣಿಗೆ ಪ್ರಾಣಿಯೂ ಸರಕೇ, ಒಪ್ಪಿದೆ. ಆದರೆ ಅದಕ್ಕೂ ಹಿಂದಿನ 1872ರ ಕರಾರು ಕಾಯಿದೆಯ ಮಾತೇನು? ಒಪ್ಪಿ ಆಡಿದ ಬಾಯಿಮಾತೂ ಕರಾರೇ, ಕಾಗದದ ಮೇಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಅದು ಸುಳ್ಳಾಗದು. ಕಾಯಿದೆಯೂ ಬೇಡ, ನಮ್ಮ ಹಳ್ಳಿಗಳ ರೂಢಿಯನ್ನೇ ನೋಡೋಣ. ಆಡು, ಕುರಿ, ಆಕಳ ಕರುವನ್ನು ಪಾಲಿಗೆ ಕೊಡುವ ಪದ್ಧತಿ ನಮ್ಮ ಕಡೆ ಇಂದಿಗೂ ಉಂಟು. ಒಡೆಯ ಒಬ್ಬ, ಸಾಕುವವ ಇನ್ನೊಬ್ಬ. ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಕಾಗದವಿಲ್ಲ, ಸಹಿಯಿಲ್ಲ. ಆದರೂ ಅಕ್ಷರ ಬಾರದ ಮುದುಕಿ ಪಾಲಿನ ಮರಿಯನ್ನು ಕಳ್ಳತನದಿಂದ ಮಾರುವುದಿಲ್ಲ. ಮಾರಿದರೆ ಊರೊಳಗೆ ತಲೆಯೆತ್ತಿ ನಡೆಯಲಾರಳು. ಆ ಮುದುಕಿಗಿರುವ ಲಜ್ಜೆ ಪದವಿಯುಳ್ಳ ನಮಗೆ ಏತಕ್ಕೆ ಇಲ್ಲ? ಕುರಿಯ ಕರಾರು ಮುರಿದರೆ ರೊಕ್ಕ ಹೋಗುತ್ತದೆ, ಒಡೆಯ ಬಂದು ಜಗಳ ತೆಗೆಯುತ್ತಾನೆ. ನಾಯಿಯ ಕರಾರು ಮುರಿದರೆ ಕೇಳುವವರಿಲ್ಲ. ಹಾಗಾದರೆ ನಾವು ಮಾತಿಗೆ ಅಂಜುವವರಲ್ಲ, ಜಗಳಕ್ಕೆ ಅಂಜುವವರು ಎಂದಾಯಿತಲ್ಲವೆ?

ಆ ರೈತರು ಕೇಳಿದ್ದು ತಮಗಾಗಿ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಾಲ್ಕು ಮಾತುಗಳಲ್ಲಿ ಒಂದರಿಂದಲೂ ಅವರಿಗೆ ಬಿಡಿಕಾಸಿನ ಲಾಭವಿಲ್ಲ. ಹತ್ತು ತಿಂಗಳ ನಾಯಿ ಬೆದೆಗೆ ಬಂದರೂ ಅದರ ಮೈ ಇನ್ನೂ ಬೆಳೆಯುತ್ತಲೇ ಇರುತ್ತದೆ. ಸುಮಾರು ಒಂಬತ್ತು ವಾರ ಹೊಟ್ಟೆಯಲ್ಲಿ ಮರಿ ಹೊತ್ತು, ಆಮೇಲೆ ಮೊಲೆಯೂಡಿಸಿದರೆ ತನ್ನ ಎಲುಬಿನ ಸತ್ವವನ್ನೇ ಮರಿಗಳಿಗೆ ಇಳಿಸಿಕೊಡುತ್ತದೆ. ಐದು ವಾರಕ್ಕೆ ಅಗಲಿಸಿದ ಮರಿ, ಎಷ್ಟು ಕಚ್ಚಿದರೆ ನೋವಾಗುತ್ತದೆಂಬುದನ್ನು ಒಡಹುಟ್ಟಿದವರ ಜೊತೆ ಆಡಿ ಕಲಿಯುವ ಮೊದಲೇ ಹೊರಬೀಳುತ್ತದೆ. ಮುಂದೆ ಅದು ಮಕ್ಕಳನ್ನು ಕಚ್ಚಿದರೆ “ಜಾತಿಯೇ ಕೆಟ್ಟದ್ದು” ಎನ್ನುತ್ತೇವೆ. ಒಂದೇ ಬಸಿರಿನ ಹೆಣ್ಣುಗಂಡನ್ನು ಕೂಡಿಸಿದರೆ ಮನೆತನದ ಬೇನೆಗಳು ಮರಿಯಲ್ಲಿ ಎದ್ದು ಬರುತ್ತವೆ. ಮೊಲವನ್ನು ಅಟ್ಟಿಸಿ ಕೊಲ್ಲುವುದಂತೂ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅಭಯಾರಣ್ಯವನ್ನೇ ಮಗ್ಗುಲಿಗಿಟ್ಟುಕೊಂಡ ಚಿಂಚೋಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತು ಬಾರದ ಜೀವದ ಪರವಾಗಿ ಮಾತು ಬರುವವನು ಕೇಳಿಕೊಂಡ ವಚನಗಳು ಅವು.

ಎರಡನೆಯ ವಾದ: ನಾಯಿ ಮಾರುವವರೇನು ಸತ್ಯಹರಿಶ್ಚಂದ್ರರೆ? ಅಲ್ಲ, ಖಂಡಿತ ಅಲ್ಲ. ಮುಧೋಳದ ನಾಯಿಯ ಹೆಸರು ಏರಿದಂತೆಲ್ಲ ಮೋಸವೂ ಏರಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಕಾಪಾಡಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮರಿಗಳು ಮೀರತ್ತಿನ ಸೇನಾಕೇಂದ್ರಕ್ಕೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಬಾನುಲಿ ಭಾಷಣದಲ್ಲಿ ಇದರ ಹೆಸರೆತ್ತಿದರು. ಗೌರವ ಬಂದಲ್ಲಿ ಬೇಡಿಕೆ ಬಂತು, ಬೇಡಿಕೆಯ ಬೆನ್ನಿಗೆ ದಲ್ಲಾಳಿ ಬಂದ. ತಾಯಿಯನ್ನು ತೋರಿಸದೆ ಮರಿ ಮಾರುವವ, ಕಣ್ಣು ಬಿಟ್ಟ ಮರುವಾರವೇ ಚೀಲದಲ್ಲಿ ಹಾಕಿ ಬಸ್ಸಿಗೇರಿಸುವವ, ಬೆರಕೆ ಮರಿಗೆ ಶುದ್ಧ ತಳಿಯೆಂದು ಕಾಗದ ಬರೆಯುವವ, ಇವರೆಲ್ಲ ಇದ್ದಾರೆ.

ಇಂಥವರಿಗಾಗಿಯೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಮಾಡಿತು. ತಳಿ ಬೆಳೆಸಿ ಮಾರುವವನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ, 8 ವರ್ಷ ಮೀರಿದ ಹೆಣ್ಣನ್ನು ಮರಿಗೆ ಬಿಡಕೂಡದು. ವರ್ಷಕ್ಕೆ ಒಂದಕ್ಕಿಂತ, ಬಾಳಿನಲ್ಲಿ 5ಕ್ಕಿಂತ ಹೆಚ್ಚು ಸೂಲು ಆಗಕೂಡದು. 8 ವಾರ ತುಂಬದ ಮರಿಯನ್ನು ಮಾರಕೂಡದು. ಆ ರೈತರು ಈ ನಿಯಮಗಳನ್ನು ಓದಿದವರಲ್ಲ. ಓದದೆಯೇ ಅದಕ್ಕಿಂತ ಬಿಗಿಯಾದ ನಿಯಮವನ್ನು ತಮ್ಮ ಅಂಗಳದಲ್ಲಿ ನಡೆಸುತ್ತಿದ್ದರು. ಮೋಸಗಾರ ತಳಿಗಾರರು ಇದ್ದಾರೆಂಬ ಕಾರಣಕ್ಕೆ ಪ್ರಾಮಾಣಿಕನಿಗೆ ಕೊಟ್ಟ ಮಾತನ್ನು ಮುರಿಯಬಹುದೆ? ಪೇಟೆಯಲ್ಲಿ ಖೋಟಾ ನಾಣ್ಯ ಓಡಾಡುತ್ತದೆಂದು ಸಾಚಾ ಸಾಲವನ್ನು ತೀರಿಸದೆ ಬಿಡುವುದುಂಟೆ? ಕರಾರು ಎರಡು ಕಡೆಗೂ ಕಟ್ಟುತ್ತದೆ. ಕೊಳ್ಳುವವರೂ ಕೇಳಲಿ: ತಾಯಿಯನ್ನು ತೋರಿಸು; ಹುಟ್ಟಿದ ದಿನ ಹೇಳು; ಚುಚ್ಚುಮದ್ದಿನ ಚೀಟಿ ಕೊಡು; ನೋಂದಣಿ ತೋರಿಸು; ನಾಳೆ ನನ್ನಿಂದಾಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವೆಯಾ, ಹೇಳು. ಏನನ್ನೂ ಕೇಳದೆ, ಎಣಿಸಿದ ರೊಕ್ಕ ಕಿಸೆಗೆ ಹಾಕಿ ಮರಿಯನ್ನು ಕೈಗಿಡುವವನ ಅಂಗಳದಿಂದ ಬರಿಗೈಲಿ ಎದ್ದು ಬರುವುದೇ ಲೇಸು.

ಮೂರನೆಯ ವಾದ ಸ್ವಲ್ಪ ತೂಕದ್ದು. ಊರ ತುಂಬ ಬೀದಿನಾಯಿಗಳಿರುವಾಗ ತಳಿಯ ಹುಚ್ಚೇ ಏತಕ್ಕೆ, ಎನ್ನುತ್ತಾರೆ. ಬರಿಯ ಸಂಗಾತಕ್ಕೆ, ಬಾಗಿಲ ಕಾವಲಿಗೆ ನಾಯಿ ಬೇಕಾದವರು ಬೀದಿಯ ಮರಿಯನ್ನು ತಂದು ಸಾಕಲಿ. ಅದಕ್ಕಿಂತ ಪುಣ್ಯದ ಕೆಲಸವಿಲ್ಲ. ಆದರೆ ಕುರಿಹಿಂಡಿನ ಬೆನ್ನಿಗೆ ಹಗಲೆಲ್ಲ ನಡೆಯಬಲ್ಲ, ಬಯಲಲ್ಲಿ ದೂರ ಕಾಣಬಲ್ಲ, ನಮ್ಮ ಬಿಸಿಲನ್ನು ತಾಳಬಲ್ಲ ತಳಿಯೊಂದನ್ನು ನಮ್ಮ ಹಿರಿಯರು ಬೆಳೆಸಿ ಕೊಟ್ಟಿದ್ದಾರೆ. ಅದನ್ನು ಉಳಿಸುವುದು ಹುಚ್ಚಲ್ಲ. ಹುಚ್ಚು ಯಾವುದೆಂದರೆ, ಹೆಸರಿಗಾಗಿ ತಂದು, ದುಡ್ಡಿಗಾಗಿ ಹಡೆಸಿ, ಬೇಸತ್ತು ಬೀದಿಗೆ ಬಿಡುವುದು. ಬೀದಿನಾಯಿಗಳ ಸಂಖ್ಯೆಗೆ ಹೆದರುವವರೇ ಆ ಸಂಖ್ಯೆಗೆ ಒಂದೊಂದನ್ನು ಕೂಡಿಸುತ್ತಿದ್ದಾರೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಯಾಗುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಬ್ಬರು ಉಪ್ಪಿಟ್ಟು ತಿಂದು ಚಹ ಕುಡಿದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಕಾಯಿದೆಯ ಕೈ ಇಷ್ಟು ಸಡಿಲವಾದಲ್ಲಿ ಉಳಿಯುವ ಕಟ್ಟು ಒಂದೇ: ಕೊಟ್ಟ ಮಾತು.

ನಾನು ಕನ್ನಡದ ಮೇಷ್ಟರು. ನಾಯಿಯ ವಿಷಯಕ್ಕೂ ನನಗೂ ಏನು ಸಂಬಂಧವೆಂದು ಕೇಳುವವರಿಗೆ ತರಗತಿಯಲ್ಲಿ ನಾನು ವರ್ಷವರ್ಷವೂ ಹೇಳುವ ಒಂದು ಶಾಸನದ ಕಥೆಯನ್ನು ಇಲ್ಲಿಯೂ ಹೇಳಬೇಕಾಗಿದೆ. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಮೂರನೆಯ ಕೃಷ್ಣ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಗಂಗರ ಬೂತುಗ ಅವನ ಕಡೆ ಕಾದಿದ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೂತುಗ, ಬೇಕಾದುದನ್ನು ಕೇಳೆಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಕೊಟ್ಟರು. ಮುಂದೆ ಕಾಳಿ ದೊಡ್ಡದೊಂದು ಹಂದಿಯೊಡನೆ ಕಾದಿ, ಎರಡೂ ಸತ್ತವು. ಮಣಲೇರ ಅದನ್ನು ಹಳ್ಳಕ್ಕೆ ಎಸೆದು ಇನ್ನೊಂದು ನಾಯಿಯನ್ನು ಹುಡುಕಲಿಲ್ಲ. ಮದ್ದೂರು ತಾಲೂಕಿನ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡವನಿಗೆ ಪಾಪವೆಂದು ಬರೆಸಿದ. ನಾಯಿಯೂ ಹಂದಿಯೂ ಕಾದುವ ಚಿತ್ರವಿರುವ ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಯಾರೂ ನೋಡಬಹುದು.

“ನಾಯಿಗಾಗಿ ಎಂಥ ಕರಾರು?” ಎಂಬ ಪ್ರಶ್ನೆಗೆ ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿದ ಉತ್ತರ ಅದು. ಆ ಶಾಸನದ ಮೊದಲಿಗೆ ಕೀರ್ತಿಗೊಂಡ ಅರಸನ ರಾಜಧಾನಿ ನಮ್ಮ ಮಳಖೇಡ. ರಾಷ್ಟ್ರಕೂಟರ ಉತ್ಸವದಲ್ಲಿ ಎದೆಯುಬ್ಬಿಸಿ ಮಾತನಾಡುವ ನಾವು, ಅದೇ ನೆಲದ ಕಲ್ಲಿನ ಖಣಿಗೆ ನಾಯಿಯನ್ನು ತಂದು ಬಿಡುತ್ತೇವೆ.

ಕಡೆಗೆ ಆ ರೈತರ ಮಾತು. ಸುದ್ದಿ ತಿಳಿದ ದಿನವೇ ಅವರಿಗೆ ಫೋನು ಮಾಡಿದೆ. ಮರುದಿನ ಬಸ್ಸುಗಳನ್ನು ಬದಲಿಸುತ್ತ ಸಂಜೆಗೆ ಶಹಾಬಾದಿಗೆ ಬಂದರು. ಬೈಯುವರೆಂದು ಕಾದಿದ್ದೆ, ಬೈಯಲಿಲ್ಲ. ಖಣಿಯ ದಂಡೆಯಲ್ಲಿ ಕುಳಿತು ನಾಯಿಯ ಕಿವಿ ನೋಡಿದರು, ಕಾಲು ನೋಡಿದರು. “ಒಂದು ಮಾತು ಹೇಳಿದ್ರ ನಾನs ಬರ್ತಿದ್ನಲ್ರಿ, ಮಾಸ್ತರ್ರ” ಎಂದರು. ಅಷ್ಟೇ. ಕೂಲಿಯವರ ಮಕ್ಕಳ ಕೈಗೆ ಸ್ವಲ್ಪ ರೊಕ್ಕ ಕೊಟ್ಟು, ಬಾಡಿಗೆಯ ಟೆಂಪೊ ಮಾಡಿಕೊಂಡು, ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಒಯ್ದರು. ಅದು ಈಗ ಅವರ ಅಂಗಳದಲ್ಲಿ ಚೇತರಿಸಿಕೊಂಡಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈ ವರ್ಷ ಚಿಂಚೋಳಿ ತಾಲೂಕಿನ ಕುರಿಗಾರನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಹಿಂಡಿಗೆ ಒಂದು ಒಳ್ಳೆಯ ಮರಿ ಬೇಕಾಗಿತ್ತು. ಕೇಳಿದ ಷರತ್ತಿಗೆಲ್ಲ ನಡೆಯುವ ಮನುಷ್ಯ. ಮುಧೋಳಕ್ಕೆ ಫೋನು ಮಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ನಿಮ್ಮ ಕಡೀಗೆ ಇನ್ನ ಮರಿ ಕೊಡಾಂಗಿಲ್ರಿ, ಮಾಸ್ತರ್ರ. ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದರು.

ಮಾತು ಮುರಿದವರು ವಾಡಿಯಲ್ಲಿ ಸುಖವಾಗಿದ್ದಾರೆ. ಮಾತು ಉಳಿಸಿಕೊಳ್ಳಬಲ್ಲ ಕುರಿಗಾರ ಬರಿಗೈಲಿ ಹೋದ. ನಡುವೆ ನಿಂತು “ನಾನಿದ್ದೇನೆ” ಎಂದವನ ಮಾತಿಗೆ ಮುಧೋಳ ಸೀಮೆಯಲ್ಲಿ ಈಗ ಬೆಲೆಯಿಲ್ಲ. ಚಹದಂಗಡಿಯಲ್ಲಿ ನಕ್ಕವರು ಇದನ್ನು ಓದಿದರೆ, ಇದೇ ನನ್ನ ಉತ್ತರವೆಂದು ತಿಳಿಯಲಿ.