ಹೆದ್ದಾರಿಯ ಕಣ್ಣು

ಕಾಲ್ನಡಿಗೆಯಲ್ಲಿ ಸಾಗುತ್ತಿದ್ದ ಮಾನವನು ಎತ್ತಿನ ಗಾಡಿಯನ್ನೇರಿದನು. ಅಲ್ಲಿಂದ ಇಳಿದು ಮೋಟಾರು ವಾಹನವನ್ನೇರಿದನು. ಹಿಂದೆ ಎರಡು ದಿನ ಹಿಡಿಯುತ್ತಿದ್ದ ದಾರಿಯನ್ನು ಇಂದು ಒಂದೆರಡು ಗಂಟೆಗಳಲ್ಲಿ ಕ್ರಮಿಸುತ್ತಾನೆ. ವೇಗವು ವಿಜ್ಞಾನವು ನಮಗಿತ್ತ ವರ. ಆದರೆ ಅಳತೆ ಮೀರಿದ ವರವು ಶಾಪವಾಗುವುದೆಂಬುದಕ್ಕೆ ನಮ್ಮ ರಸ್ತೆಗಳೇ ಸಾಕ್ಷಿ. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಅತಿವೇಗದ ಫಲ. ಈ ಅತಿವೇಗಕ್ಕೆ ಕಡಿವಾಣ ಹಾಕಲೆಂದು ರಸ್ತೆಯ ಬದಿಯಲ್ಲಿ ನಿಂತಿರುವ ಹೊಸ ಕಾವಲುಗಾರನೇ ವೇಗವನ್ನು ಅಳೆಯುವ ಕ್ಯಾಮೆರಾ. ಅದನ್ನು ನಾವು ಶತ್ರುವೆಂದು ಬಗೆಯಬೇಕೋ, ಮಿತ್ರನೆಂದು ಬಗೆಯಬೇಕೋ?

ಮೊದಲು ಅದರ ಕೆಲಸವನ್ನು ತಿಳಿಯೋಣ. ರೈಲು ಸಿಳ್ಳು ಹಾಕುತ್ತ ನಮ್ಮತ್ತ ಬರುವಾಗ ಅದರ ಸ್ವರ ಏರಿದಂತೆ ಕೇಳಿಸುತ್ತದೆ. ನಮ್ಮನ್ನು ದಾಟಿದೊಡನೆ ತಗ್ಗುತ್ತದೆ. ಚಲನೆಯಿಂದ ಅಲೆಗಳ ಆವೃತ್ತಿ ಬದಲಾಗುವ ಈ ತತ್ತ್ವವನ್ನು 1842ರಲ್ಲಿ ಆಸ್ಟ್ರಿಯದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದನು. ರೇಡಾರ್ ಕ್ಯಾಮೆರಾದ ಆಧಾರ ಇದೇ. ಅದು ಬಿಟ್ಟ ರೇಡಿಯೋ ಅಲೆಗಳು ವಾಹನಕ್ಕೆ ತಗುಲಿ ಹಿಂದಿರುಗುತ್ತವೆ. ಹಿಂದಿರುಗಿದ ಅಲೆಗಳ ಆವೃತ್ತಿಯಲ್ಲಾದ ವ್ಯತ್ಯಾಸದಿಂದ ಯಂತ್ರವು ವಾಹನದ ವೇಗವನ್ನು ಲೆಕ್ಕ ಹಾಕುತ್ತದೆ. ಮಿತಿ ಮೀರಿದ್ದರೆ ತಕ್ಷಣವೇ ಛಾಯಾಚಿತ್ರ ತೆಗೆಯುತ್ತದೆ. ಚಿತ್ರದಲ್ಲಿರುವ ನೋಂದಣಿ ಸಂಖ್ಯೆಯನ್ನು ಕಂಪ್ಯೂಟರ್ ಓದಿಕೊಳ್ಳುತ್ತದೆ.

ಇಂತಹ ಉಪಕರಣದ ಹಿಂದೆ ಒಂದು ಸ್ವಾರಸ್ಯವಿದೆ. ಇದರ ಮೊದಲಿಗರಲ್ಲಿ ಒಬ್ಬನಾದ ಹಾಲೆಂಡಿನ ಮೌರಿಟ್ಸ್ ಗ್ಯಾಟ್ಸೊನಿಡೀಸ್ ಕಾರು ಪಂದ್ಯಗಳ ಚಾಲಕ. ತಿರುವುಗಳಲ್ಲಿ ತನ್ನ ಕಾರು ಎಷ್ಟು ವೇಗವಾಗಿ ಹೋಗುವುದೆಂದು ಅಳೆದು, ಇನ್ನೂ ವೇಗವಾಗಿ ಓಡಿಸಲು ಅವನು ಉಪಕರಣವೊಂದನ್ನು ರೂಪಿಸಿದನು. ವೇಗವನ್ನು ಹೆಚ್ಚಿಸಲು ಹುಟ್ಟಿದ ಸಾಧನವೇ ಮುಂದೆ ವೇಗವನ್ನು ತಗ್ಗಿಸುವ ಸಾಧನವಾಯಿತು!

ಇನ್ನೊಂದು ವಿಧಾನಕ್ಕೆ ಬರಿಯ ಅಂಕಗಣಿತ ಸಾಕು. ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾಗಳಿವೆ ಎಂದುಕೊಳ್ಳಿ. ಒಂದು ಕಾರು ಈ ದೂರವನ್ನು ಹತ್ತು ನಿಮಿಷಗಳಲ್ಲಿ ದಾಟಿದರೆ ಅದರ ಸರಾಸರಿ ವೇಗ ಗಂಟೆಗೆ 120 ಕಿಲೋಮೀಟರ್. ಕಂಬದ ಎದುರಿಗೆ ಮಾತ್ರ ನಿಧಾನವಾಗಿ ಚಲಿಸಿದವನೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರನು.

ನಮ್ಮ ನಾಡಿನಲ್ಲಿ ಇವುಗಳ ಅಗತ್ಯವನ್ನು ಬೆಂಗಳೂರು-ಮೈಸೂರು ಹೆದ್ದಾರಿ ತೋರಿಸಿಕೊಟ್ಟಿದೆ. 2023ರ ಮಾರ್ಚ್‌ನಲ್ಲಿ ವಿಸ್ತರಿಸಿದ ಹೆದ್ದಾರಿಯ ಉದ್ಘಾಟನೆಯಾಯಿತು. ಅಗಲವಾದ, ನೇರವಾದ ದಾರಿ ಚಾಲಕರ ಕಾಲನ್ನು ಹಗುರಗೊಳಿಸಲಿಲ್ಲ, ಭಾರಗೊಳಿಸಿತು. ಕೆಲವೇ ತಿಂಗಳುಗಳಲ್ಲಿ ಅನೇಕ ಮನೆಗಳು ದುಃಖದಲ್ಲಿ ಮುಳುಗಿದುವು. ಆಗ ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಜಾರಿಗೆ ತರಲಾಯಿತು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ ಮತ್ತು ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಯಿತು. ತರುವಾಯ ಕ್ಯಾಮೆರಾಗಳೂ ಬಂದುವು.

1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಮಿತಿ ಮೀರಿದ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿಗಳವರೆಗೆ, ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿಗಳವರೆಗೆ ದಂಡವುಂಟು. ಎರಡನೆಯ ಸಲ ತಪ್ಪಿದರೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಬಹುದು.

“ಇವೆಲ್ಲ ಬೊಕ್ಕಸ ತುಂಬುವ ಉಪಾಯ” ಎಂದು ಗೊಣಗುವವರುಂಟು. ಈ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವುದು ಸರಿಯಲ್ಲ. ದಂಡ ವಿಧಿಸುವ ಯಂತ್ರವೂ ನ್ಯಾಯಕ್ಕೆ ಬದ್ಧವಾಗಿರಬೇಕು. ಆದುದರಿಂದಲೇ 2021ರಲ್ಲಿ ಬಂದ ನಿಯಮಗಳು ಉಪಕರಣಕ್ಕೆ ಪ್ರಮಾಣಪತ್ರವಿರಬೇಕೆಂದೂ, ಮುಂದೆ ಕ್ಯಾಮೆರಾ ಇದೆಯೆಂದು ತಿಳಿಸುವ ಫಲಕವಿರಬೇಕೆಂದೂ ವಿಧಿಸಿದುವು. ಅಡಗಿ ಕುಳಿತು ಹಿಡಿಯುವುದು ಬೇಟೆಗಾರನ ರೀತಿ; ಎಚ್ಚರಿಸಿ ತಡೆಯುವುದು ಹಿತೈಷಿಯ ರೀತಿ. ಫಲಕವಿಲ್ಲದೆಡೆ ಪ್ರಶ್ನಿಸುವ ಹಕ್ಕು ಪ್ರಜೆಗಿದೆ. ಫಲಕವನ್ನು ಕಂಡೂ ವೇಗವಾಗಿ ನುಗ್ಗಿದವನಿಗೆ ಗೊಣಗುವ ಹಕ್ಕೆಲ್ಲಿಯದು?

ಸರ್ಕಾರವೂ ಯೋಚಿಸಬೇಕಾದ ಮಾತೊಂದಿದೆ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯವು ಬಾಕಿ ಉಳಿದ ಸಂಚಾರ ದಂಡಗಳಲ್ಲಿ ಶೇಕಡ 50ರಷ್ಟು ರಿಯಾಯಿತಿ ನೀಡಿತು. 2025ರಲ್ಲಿಯೂ ಅಂತಹುದೇ ಅವಕಾಶ ದೊರೆಯಿತು. ಕಟ್ಟಲು ಜನ ಮುಗಿಬಿದ್ದರು, ಹಣವೂ ಬಂದಿತು. ಆದರೆ ದಂಡವೆಂಬುದು ಅಂಗಡಿಯ ಸರಕಲ್ಲ. ಕಾಯುತ್ತ ಕುಳಿತರೆ ಅರ್ಧ ಬೆಲೆಗೆ ತೀರುವುದಾದರೆ, ಕಾಲಕ್ಕೆ ಸರಿಯಾಗಿ ದಂಡ ತೆತ್ತವನೇ ಮೂರ್ಖನೆನಿಸುವುದಿಲ್ಲವೇ? ದಂಡದ ಗುರಿ ಹಣವಲ್ಲ, ತಿದ್ದುಪಾಟು ಎಂಬುದನ್ನು ಕೊಡುವವನಂತೆ ಪಡೆಯುವವನೂ ಮರೆಯಬಾರದು.

ಅಷ್ಟಕ್ಕೂ ಅತಿವೇಗದಿಂದ ನಾವು ಗಳಿಸುವುದೇನು? ಹತ್ತು ಕಿಲೋಮೀಟರ್ ದಾರಿಯನ್ನು 100ರ ವೇಗದಲ್ಲಿ ಆರು ನಿಮಿಷಕ್ಕೂ, 120ರ ವೇಗದಲ್ಲಿ ಐದು ನಿಮಿಷಕ್ಕೂ ದಾಟಬಹುದು. ಗಳಿಕೆ ಒಂದೇ ನಿಮಿಷ! ಆದರೆ ಚಲನಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ, ಡಿಕ್ಕಿಯಾದಾಗ ಎರಗುವ ಶಕ್ತಿ ಶೇಕಡ 44ರಷ್ಟು ಹೆಚ್ಚಿರುತ್ತದೆ. ನಿಮಿಷವೊಂದನ್ನು ಉಳಿಸಲು ಆಯುಷ್ಯವನ್ನೇ ಪಣವಿಡುವುದು ಯಾವ ಜಾಣತನ? ಆಯುಷ್ಯವಾದರೂ ತನ್ನದೊಂದೇ ಅಲ್ಲ. ಹೊಲದಿಂದ ಹಿಂದಿರುಗುತ್ತ ರಸ್ತೆ ದಾಟುವ ಮುದುಕಿಯ ಆಯುಷ್ಯವೂ ಆ ಪಣದಲ್ಲಿ ಸೇರಿದೆ. ಆಕೆ ಈ ಜೂಜಿಗೆ ಒಪ್ಪಿಗೆ ಕೊಟ್ಟವಳಲ್ಲ.

ವಿದ್ಯಾರ್ಥಿಗಳೇ, ಇನ್ನು ಕೆಲವೇ ವರ್ಷಗಳಲ್ಲಿ ನೀವೂ ಚಾಲಕರಾಗುವಿರಿ. ಅಲ್ಲಿಯವರೆಗೆ ತಾಳ್ಮೆಯಿರಲಿ. ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲಿಕರಿಗೆ 25,000 ರೂಪಾಯಿ ದಂಡವನ್ನೂ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಕಾಯಿದೆ ವಿಧಿಸುತ್ತದೆ. ಮಗನ ಕ್ಷಣದ ಹುಮ್ಮಸ್ಸಿಗೆ ತಂದೆಯು ತಲೆ ತಗ್ಗಿಸಿ ನಿಲ್ಲುವಂತಾಗಬಾರದು.

ನಾಡಿನ ಪ್ರತಿಯೊಂದು ತಿರುವಿನಲ್ಲಿಯೂ ಕ್ಯಾಮೆರಾ ನಿಲ್ಲಿಸಲಾಗದು, ನಿಲ್ಲಿಸಬೇಕಾಗಿಯೂ ಇಲ್ಲ. ಯಂತ್ರದ ಕಣ್ಣು ಕೆಲವು ಗಜಗಳ ದಾರಿಯನ್ನು ಮಾತ್ರ ಕಾಯಬಲ್ಲುದು. ಉಳಿದ ದಾರಿಯನ್ನು ಕಾಯಬೇಕಾದುದು ಚಾಲಕನ ವಿವೇಕ. ಯಾರೂ ನೋಡದೆಡೆಯಲ್ಲಿಯೂ ಶಾಲೆಯ ಮುಂದೆ, ಊರ ಬಾಗಿಲಲ್ಲಿ ವೇಗ ತಗ್ಗಿಸುವವನೇ ನಿಜವಾದ ಚಾಲಕ. ಅಂತಹವರು ಹೆಚ್ಚಿದ ದಿನ ಈ ಕಾವಲುಗಾರನಿಗೆ ಕೆಲಸವೇ ಇರದು; ಆತನಿಗೆ ಅದಕ್ಕಿಂತ ದೊಡ್ಡ ಗೆಲುವೂ ಬೇರೊಂದಿಲ್ಲ.