ಇದು ಪ್ರಕೃತಿ ವಿಕೋಪವಲ್ಲ



ಮಳೆ ಬಂದಾಗಲೆಲ್ಲ ಮಂತ್ರಿಗಳು, ಪೇಪರಿನವರು, ಟಿವಿಯವರು ಹಾಡೋದು ಒಂದೇ ಹಾಡು: ಪ್ರಕೃತಿ ವಿಕೋಪ. ಬೊಮ್ಮನಹಳ್ಳಿಯ ಆಸುಪಾಸಿನಲ್ಲಿ ಮೊಣಕಾಲುದ್ದ ಚರಂಡಿ ನೀರಲ್ಲಿ ನಿಂತು ಅಕ್ಕಿ ಡಬ್ಬ, ಮಕ್ಕಳ ಪುಸ್ತಕ ಅಟ್ಟಕ್ಕೆ ಎತ್ತಿಡುವ ನಾವು ಈ ಮಾತನ್ನು ಒಪ್ಪುವುದಿಲ್ಲ.

ವಿಕೋಪಕ್ಕೆ ಹೆಸರಾದ ನಗರಗಳು ಲೋಕದಲ್ಲಿ ಬೇಕಾದಷ್ಟಿವೆ. ಟೋಕಿಯೋಗೆ ಭೂಕಂಪ, ಮನಿಲಾಕ್ಕೆ ಚಂಡಮಾರುತ. ಮುಂಬೈ ಕಡಲ ದಂಡೆಯಲ್ಲಿದೆ. 2005ರ ಜುಲೈ 26ರಂದು ಅಲ್ಲಿನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಬೆಂಗಳೂರಿಗೆ ಏನಿದೆ? ಕಡಲಿಲ್ಲ, ದೊಡ್ಡ ಹೊಳೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿನ ಊರಿದು. 2022ರ ಸೆಪ್ಟೆಂಬರ್ 4ರ ರಾತ್ರಿ ಇಲ್ಲಿ ಬಿದ್ದದ್ದು 131.6 ಮಿಲಿಮೀಟರ್. ಅಷ್ಟಕ್ಕೇ ಬಡಾವಣೆಗಳು ಮುಳುಗಿದವು. ದಿಣ್ಣೆ ಮೇಲಿನ ಊರು ಮುಳುಗುತ್ತದೆ ಅಂದರೆ ಮುಳುಗಿಸಿದವರು ಇರಲೇಬೇಕಲ್ಲ?

ಯಾರವರು? ನೀರಿನ ದಾರಿ ಹಿಡಿದು ನಡೆದರೆ ಸಿಗುತ್ತಾರೆ. ಹುಳಿಮಾವು, ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು - ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಈ ಸರಪಳಿಯನ್ನು ಕಡಿದದ್ದು ಮಳೆಯಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಇದನ್ನು ಮಾಡಿದ್ದು ಸರ್ಕಾರವೇ. ಸರ್ಕಾರ ತೋರಿಸಿದ ದಾರಿಯಲ್ಲಿ ಬಿಲ್ಡರುಗಳು ನಡೆದರು. 2019ರ ನವೆಂಬರ್ 24ರಂದು ಹುಳಿಮಾವು ಕೆರೆ ಒಡೆದು ನೂರಾರು ಮನೆಗೆ ನೀರು ನುಗ್ಗಿತಲ್ಲ, ಆವತ್ತು ಮಳೆಯಿತ್ತೇ? ಇಲ್ಲ. ಏರಿ ಅಗೆದವರು ಮನುಷ್ಯರು.

ಕೋಡಿಚಿಕ್ಕನಹಳ್ಳಿಯ ಹೆಸರಲ್ಲೇ ಕೋಡಿ ಇದೆ. ನೀರು ಇಲ್ಲೇ ಹರಿಯುತ್ತೆ ಅಂತ ಊರೇ ಕೂಗಿ ಹೇಳುತ್ತಿದ್ದರೂ ಸೈಟು ಮಾಡಿದರು, ಮಾರಿದರು. 2016ರ ಜುಲೈ ಕೊನೆಯಲ್ಲಿ ಅಲ್ಲಿನ ಬೀದಿಗಳಲ್ಲಿ ದೋಣಿ ಓಡಿತು, ಜನ ರಸ್ತೆಯಲ್ಲಿ ಮೀನು ಹಿಡಿದರು. ನೋಡಿದವರಿಗೆ ಅದು ತಮಾಷೆ. ಆಮೇಲೆ ಆಗಸ್ಟ್‌ನಲ್ಲಿ ಜೆಸಿಬಿ ಬಂತು. ಅವನಿ ಶೃಂಗೇರಿನಗರದಲ್ಲಿ ಸಾಲ ಮಾಡಿ ಮನೆ ಕಟ್ಟಿದವರ ಗೋಡೆ ಬಿತ್ತು. ಅದಕ್ಕೆ ಪ್ಲಾನ್ ಮಂಜೂರು ಮಾಡಿದವರು, ಸೈಟು ಮಾರಿದವರು ಎಲ್ಲಿ? 2007ರಲ್ಲಿ ಎ.ಟಿ. ರಾಮಸ್ವಾಮಿ ಸಮಿತಿ, 2017ರಲ್ಲಿ ಕೋಳಿವಾಡ ಸಮಿತಿ ಒತ್ತುವರಿಯ ಲೆಕ್ಕ ಕೊಟ್ಟವು. ದೊಡ್ಡವರ ಕಾಂಪೌಂಡಿನ ಮುಂದೆ ಜೆಸಿಬಿಗೆ ಡೀಸೆಲ್ ಮುಗಿಯುತ್ತದೆ!

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ, ನಾವು ಹೇಳಬೇಕು. ಬೆಂಗಳೂರು, ಕೋಲಾರದ ಕಡೆ ಕೆರೆಯ ತೂಬು ಎತ್ತಿ, ಕಾಲುವೆ ಕಾದು, ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿಗಳು ಹೆಚ್ಚಾಗಿ ನಮ್ಮ ಜನ. ಯಾವ ಮಳೆಗೆ ಯಾವ ಕೋಡಿ ಬೀಳುತ್ತೆ ಅಂತ ಅವರಿಗೆ ಗೊತ್ತಿತ್ತು. ಊರಿನ ಗದ್ದೆಗೆಲ್ಲ ನೀರು ಬಿಟ್ಟ ಕೈ ಊರ ಬಾವಿ ಮುಟ್ಟುವಂತಿರಲಿಲ್ಲ. ಆ ನೀರಿಗಾಗಿಯೇ ಬಾಬಾಸಾಹೇಬರು 1927ರಲ್ಲಿ ಮಹಾಡ್‌ನ ಚೌದಾರ್ ಕೆರೆಗೆ ಇಳಿದದ್ದು. ಇವತ್ತು ನೀರಗಂಟಿಯ ಬುದ್ಧಿ ಯಾರಿಗೂ ಬೇಡ. ಅವನ ಮೊಮ್ಮಗ ಬೇಕು, ಕಟ್ಟಿಕೊಂಡ ಚರಂಡಿಗೆ ಇಳಿಯೋಕೆ. 2013ರಲ್ಲೇ ಕಾಯ್ದೆ ಬಂತು, ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು. 2018ರ ಜನವರಿಯಲ್ಲಿ ನಮ್ಮ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟಿನಲ್ಲಿ ಹಾಗೆ ಇಳಿದ ಮೂವರು ಉಸಿರುಕಟ್ಟಿ ಸತ್ತರು. ಇದು ಯಾವ ವಿಕೋಪ?

2025ರ ಮೇ 19ರಂದು ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೀರು ತುಂಬಿತ್ತು. ಅಲ್ಲಿ ಕರೆಂಟು ಹೊಡೆದು 63 ವರ್ಷದ ನಿವಾಸಿಯೊಬ್ಬರೂ ಅಲ್ಲೇ ಕೆಲಸಕ್ಕಿದ್ದವರ 12 ವರ್ಷದ ಮಗನೂ ಸತ್ತರು. ಅದೇ ದಿನ ವೈಟ್‌ಫೀಲ್ಡ್ ಕಡೆ ಗೋಡೆ ಕುಸಿದು ಹೌಸ್‌ಕೀಪಿಂಗ್ ಕೆಲಸದ ಹೆಣ್ಣುಮಗಳೊಬ್ಬಳು ಸತ್ತಳು. ನೀರಿಗೆ ಮೇಲು ಕೀಳು ಗೊತ್ತಿಲ್ಲ, ನಿಜ. ಊರಿಗೆ ಗೊತ್ತು. 2022ರಲ್ಲಿ ವಿಲ್ಲಾದವರು ಟ್ರಾಕ್ಟರ್ ಹತ್ತಿ ಹೋಟೆಲ್ ಸೇರಿದ್ದನ್ನು ಲೋಕವೇ ನೋಡಿತು. ಅವರ ಮನೆಯ ಕೆಸರು ಬಳಿದವರನ್ನು ಯಾರು ನೋಡಿದರು? 2004ರ ಸುನಾಮಿಯಲ್ಲೂ ಹೀಗೇ. ನಾಗಪಟ್ಟಣದ ಕಡೆ ಹೆಣ ಎತ್ತಲು ಪೌರಕಾರ್ಮಿಕರು ಬೇಕಾದರು; ಪರಿಹಾರದ ಶಿಬಿರದಲ್ಲಿ ಮಾತ್ರ ದಲಿತರು ಹೊರಗೆ.

ಬೊಮ್ಮನಹಳ್ಳಿ ನಗರಸಭೆಯಾಗಿದ್ದಾಗ ಮುಳುಗಿದೆವು. 2007ರಲ್ಲಿ ಬಿಬಿಎಂಪಿಗೆ ಸೇರಿಸಿದರು, ಮುಳುಗಿದೆವು. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ಒಡೆದು ಐದು ಪಾಲಿಕೆ ಮಾಡಿದ್ದಾರೆ. ಬೋರ್ಡು ಬದಲಾದರೆ ಕಾಲುವೆ ಅಗಲವಾಗುತ್ತದೆಯೇ?

ನಮ್ಮ ಬೇಡಿಕೆ ಇಷ್ಟು:

1. ಒತ್ತುವರಿ ತೆರವು ದೊಡ್ಡವರ ಕಾಂಪೌಂಡಿನಿಂದ ಶುರುವಾಗಲಿ. ಬಡವರ ಮನೆ ಮುಟ್ಟುವ ಮುಂಚೆ ಅದೇ ಸುತ್ತಿನಲ್ಲಿ ಬೇರೆ ಮನೆ ಕೊಡಿ.
2. ಕಾಲುವೆ ಮೇಲೆ ಪ್ಲಾನ್ ಮಂಜೂರು ಮಾಡಿದ ಅಧಿಕಾರಿಯ ಮೇಲೆ ಕೇಸು ಹಾಕಿ.
3. ಚರಂಡಿಗೆ ಯಂತ್ರ ಇಳಿಯಲಿ, ಮನುಷ್ಯ ಬೇಡ.
4. ಪರಿಹಾರ ಬಾಡಿಗೆದಾರರಿಗೂ ಸಿಗಲಿ. ನೆನೆದದ್ದು ಮನೆ ಮಾಲೀಕನ ಅಕ್ಕಿಯಲ್ಲ.

ಹಣೆಬರಹ ಅಂತ ಸುಮ್ಮನೆ ಕೂರಬೇಡಿ. ಮಾಹಿತಿ ಹಕ್ಕಿನಲ್ಲಿ ಹಳೆಯ ಕಂದಾಯ ನಕ್ಷೆ ತೆಗೆಸಿ. ನಿಮ್ಮ ಬೀದಿಯ ಕಾಲುವೆ ಎಷ್ಟು ಅಡಿ ಇತ್ತು, ಈಗ ಎಷ್ಟಿದೆ, ಟೇಪು ಹಿಡಿದು ಅಳೆಯಿರಿ. ಲೆಕ್ಕ ಬರೆದು ಸಭೆಗೆ ತನ್ನಿ. ಮುಂದಿನ ಮಳೆಗೆ ಮುಂಚೆ ಆ ಲೆಕ್ಕ ಹಿಡಿದು ಪಾಲಿಕೆಯ ಬಾಗಿಲಿಗೆ ಹೋಗೋಣ.

ಜೈ ಭೀಮ್.